ನಾಯಕನ ಪಕ್ಕದಲ್ಲಿ ನಿಂತವನು



ಕಥೆ ಯಾವುದೇ ಇರಲಿ, ಅದರಲ್ಲಿ ನಾಯಕನಿದ್ದರೆ ಅವನ ಪಕ್ಕದಲ್ಲಿ ಇನ್ನೊಬ್ಬ ಇದ್ದೇ ಇರುತ್ತಾನೆ. ನಾಯಕನಿಗೆ ಸುದ್ದಿ ತರುವವನು, ಕಷ್ಟದಲ್ಲಿ ಕೈ ಹಿಡಿಯುವವನು, ನಡುನಡುವೆ ನಮ್ಮನ್ನು ನಗಿಸುವವನು ಅವನೇ. ಇಂಗ್ಲಿಷಿನವರು ಅವನನ್ನು ಸೈಡ್‌ಕಿಕ್ ಎನ್ನುತ್ತಾರೆ. ನಾವು ಜೊತೆಗಾರ ಅಥವಾ ಸಂಗಡಿಗ ಎನ್ನಬಹುದು. ನಾಯಕನ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ, ಜೊತೆಗಾರನ ಚರಿತ್ರೆಯನ್ನು ಬರೆಯುವವರು ಕಡಿಮೆ. ಆದರೆ ಒಂದು ಕಾಲದ ಜನ ಯಾರನ್ನು ಎಷ್ಟು ಗೌರವಿಸುತ್ತಿದ್ದರು ಎಂಬುದನ್ನು ತಿಳಿಯಲು ಅವರು ಜೊತೆಗಾರನನ್ನು ಹೇಗೆ ಚಿತ್ರಿಸಿದರು ಎಂದು ನೋಡಿದರೆ ಸಾಕು.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದವರಾದ ನಮಗೆ ಈ ವಿಷಯ ದೂರದ್ದಲ್ಲ. ಕಾಮಿಕ್ಸ್ ಮತ್ತು ಸಿನಿಮಾಗಳಲ್ಲಿ ಈ ಎರಡನೆಯ ಸ್ಥಾನಕ್ಕೆ ಎಷ್ಟೋ ಬಾರಿ ಆಫ್ರಿಕಾ ಮೂಲದವನನ್ನೇ ನಿಲ್ಲಿಸಲಾಗಿದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ನಮ್ಮ ಶಾಲೆಗಳಲ್ಲಿ, ನಮ್ಮ ಮಕ್ಕಳ ಪಕ್ಕದಲ್ಲೇ ಕುಳಿತು ಓದುತ್ತಿದ್ದಾರೆ.

ದಾಸ್ತಾನಿನ ಅಯ್ಯಾರ

ಉರ್ದು ಬಲ್ಲ ಓದುಗರಿಗೆ ದಾಸ್ತಾನ್-ಎ-ಅಮೀರ್ ಹಮ್ಜಾ ಹೊಸದೇನಲ್ಲ. ಅದರ ನಾಯಕ ಅಮೀರ್ ಹಮ್ಜಾ. ಅವನ ಬಾಲ್ಯದ ಗೆಳೆಯ ಅಮ್ರ್ ಅಯ್ಯಾರ. ಹಮ್ಜಾನದು ತೋಳ್ಬಲವಾದರೆ ಅಮ್ರ್‌ನದು ಬುದ್ಧಿಬಲ. ವೇಷ ಮರೆಸುವುದು, ಗಾಳಿಯಂತೆ ಓಡುವುದು, ಶತ್ರುವಿಗೆ ಮಂಪರು ಬರಿಸುವುದು ಅವನ ವಿದ್ಯೆಗಳು. ಅವನ ಬಳಿಯಿರುವ ‘ಜಂಬೀಲ್’ ಎಂಬ ಚೀಲದಲ್ಲಿ ಜಗತ್ತೇ ಹಿಡಿಸುತ್ತದೆ. ಹಮ್ಜಾ ಸಿಕ್ಕಿಬಿದ್ದಾಗ ಬಿಡಿಸಲು ಬರುವವನು ಇವನೇ.

ಅಕ್ಬರ್ ಬಾದಶಹನಿಗೆ ಈ ಕಥೆಯ ಮೇಲೆ ಬಹಳ ಪ್ರೀತಿ. 1562ರ ಸುಮಾರಿಗೆ ಆರಂಭಿಸಿ ಸುಮಾರು 15 ವರ್ಷಗಳ ಕಾಲ ಅವನು ತನ್ನ ಚಿತ್ರಶಾಲೆಯಲ್ಲಿ ಸುಮಾರು 1400 ಚಿತ್ರಗಳ ‘ಹಮ್ಜಾನಾಮಾ’ವನ್ನು ಸಿದ್ಧಪಡಿಸಿದನು. ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ಸಮದ್ ಎಂಬ ಕಲಾವಿದರು ಆ ಕೆಲಸದ ಮೇಲ್ವಿಚಾರಣೆ ನಡೆಸಿದರು. ಅದರಲ್ಲಿ ಇಂದು ಉಳಿದಿರುವುದು 200ಕ್ಕೂ ಕಡಿಮೆ. ಮುಂದೆ ಲಖನೌದ ನವಲ್ ಕಿಶೋರ್ ಮುದ್ರಣಾಲಯವು ಈ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ಒಂದು ಭಾಗ ಗೆದ್ದರೆ ಮುಂದಿನ ಭಾಗ ತೆಗೆಯುವ ಇಂದಿನ ಸಿನಿಮಾದವರ ಪದ್ಧತಿ ಅಂದೇ ಇತ್ತು. ಕಥೆ ಬೆಳೆದಂತೆಲ್ಲ ಹೊಸ ಅಯ್ಯಾರರೂ ಬಂದು ಸೇರಿದರು. ಜೊತೆಗಾರನೆಂದರೆ ಆಳಲ್ಲ, ನಾಯಕನಲ್ಲಿ ಇಲ್ಲದ್ದನ್ನು ತುಂಬಿಕೊಡುವವನು ಎಂಬ ಪಾಠವನ್ನು ಈ ದಾಸ್ತಾನು ಕೊಡುತ್ತದೆ.

ಕನ್ನಡದ ಪರದೆಯ ಮೇಲೆ ಈ ಸ್ಥಾನ ಹೆಚ್ಚಾಗಿ ಹಾಸ್ಯನಟನ ಪಾಲಿಗೆ ಬಂತು. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರ್ ಅವರ ಜೊತೆಗೇ ಪರದೆಗೆ ಬಂದ ನರಸಿಂಹರಾಜು ಮುಂದೆ ಎಷ್ಟೋ ಚಿತ್ರಗಳಲ್ಲಿ ಅವರ ಸಂಗಡಿಗರಾದರು. ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ 1968ರಲ್ಲಿ ಯಶಸ್ವಿಯಾದಾಗ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ಕನ್ನಡಿಗರಿಗೆ ಮುಂದುವರಿದ ಭಾಗದ ರುಚಿ ಹತ್ತಿದ್ದು ಇಂಥ ಚಿತ್ರಗಳಿಂದ.

ಲೋಥಾರ್‌ನ ಚಿರತೆ ಚರ್ಮ

ಈಗ ಅಮೆರಿಕದ ಕಡೆಗೆ ನೋಡೋಣ. ಬ್ಯಾಟ್‌ಮನ್ ಎಂಬ ವೀರ 1939ರಲ್ಲಿ ಕಾಮಿಕ್ಸ್ ಪುಟಗಳಿಗೆ ಬಂದನು. ಮರುವರ್ಷವೇ ಅವನಿಗೆ ರಾಬಿನ್ ಎಂಬ ಹುಡುಗ ಜೊತೆಯಾದನು. ಒಬ್ಬನೇ ಓಡಾಡುವ ನಾಯಕನಿಗೆ ಮಾತನಾಡಲು ಒಬ್ಬರು ಬೇಕಲ್ಲವೇ? ಅಷ್ಟೇ ಅಲ್ಲದೆ, ಓದುವ ಮಕ್ಕಳು ತಮ್ಮನ್ನು ಆ ಹುಡುಗನ ಜಾಗದಲ್ಲಿ ಕಂಡುಕೊಂಡರು. ಜೊತೆಗಾರನಿಂದ ಕಥೆಗಾರನಿಗೂ ವ್ಯಾಪಾರಿಗೂ ಲಾಭವೇ ಆಯಿತು.

ಆದರೆ ಇದಕ್ಕೂ ಮೊದಲು, 1934ರಲ್ಲಿ, ಲೀ ಫಾಕ್ ಅವರ ‘ಮಾಂಡ್ರೇಕ್’ ಚಿತ್ರಕಥೆಯಲ್ಲಿ ಲೋಥಾರ್ ಎಂಬ ಆಫ್ರಿಕಾದ ಬಲಶಾಲಿ ಕಾಣಿಸಿಕೊಂಡಿದ್ದನು. ಇಂದ್ರಜಾಲ್ ಕಾಮಿಕ್ಸ್ 1964ರಿಂದ 1990ರವರೆಗೆ ಇಂಗ್ಲಿಷ್ ಹಾಗೂ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟವಾದಾಗ ನಮ್ಮ ದೇಶದ ಮಕ್ಕಳಿಗೂ ಅವನ ಪರಿಚಯವಾಯಿತು. ಕಥೆಯ ಪ್ರಕಾರ ಲೋಥಾರ್ ರಾಜಕುಮಾರ. ಹಲವು ಬುಡಕಟ್ಟುಗಳ ಒಡೆತನ ಬಿಟ್ಟು ಬಂದವನು. ಆದರೆ ಅವನ ಮೈಮೇಲೆ ಏನಿತ್ತು? ಚಿರತೆಯ ಚರ್ಮ, ತಲೆಗೊಂದು ತುರ್ಕಿ ಟೋಪಿ. ಅವನ ಬಾಯಲ್ಲಿ ಮುರುಕು ಇಂಗ್ಲಿಷು. ಮಾಂಡ್ರೇಕ್ ಸೂಟು ತೊಟ್ಟು ಯೋಚಿಸುತ್ತಾನೆ, ಲೋಥಾರ್ ಭಾರ ಎತ್ತುತ್ತಾನೆ. ಒಬ್ಬ ರಾಜಕುಮಾರನಿಗೆ ಸರಿಯಾಗಿ ಒಂದು ವಾಕ್ಯ ಮಾತನಾಡುವ ಹಕ್ಕನ್ನೂ ಕೊಡದೆ ಮೂರು ದಶಕ ಕಳೆದವು. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಎಂಬ ಚಿತ್ರಕಾರ ಈ ಕಥೆಯನ್ನು ಕೈಗೆತ್ತಿಕೊಂಡ ಮೇಲೆಯೇ ಲೋಥಾರ್‌ನ ಉಡುಪೂ ಮಾತೂ ಸುಧಾರಿಸಿದವು. ಅಮೆರಿಕದಲ್ಲಿ ಕರಿಯ ಜನಾಂಗದವರು ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಾಲ ಅದು.

ಎರಡನೆಯ ಭಾಗದಲ್ಲಿ ಬಂದ ಸ್ಯಾಮ್

1969ರಲ್ಲಿ ಸ್ಟ್ಯಾನ್ ಲೀ ಮತ್ತು ಜೀನ್ ಕೋಲನ್ ‘ಕ್ಯಾಪ್ಟನ್ ಅಮೆರಿಕ’ ಕಾಮಿಕ್ಸಿನ 117ನೆಯ ಸಂಚಿಕೆಯಲ್ಲಿ ಸ್ಯಾಮ್ ವಿಲ್ಸನ್ ಎಂಬ ಪಾತ್ರವನ್ನು ತಂದರು. ಅವನ ವೀರನಾಮ ಫಾಲ್ಕನ್, ಎಂದರೆ ಡೇಗೆ ಹಕ್ಕಿ. ಪ್ರಮುಖ ಕಾಮಿಕ್ಸ್‌ಗಳಲ್ಲಿ ಆಫ್ರಿಕನ್-ಅಮೆರಿಕನ್ ಮೂಲದ ಮೊದಲ ಸೂಪರ್‌ಹೀರೋ ಎಂದು ಅವನನ್ನು ಗುರುತಿಸಲಾಗುತ್ತದೆ. 1971ರಿಂದ 1978ರವರೆಗೆ ಆ ಪತ್ರಿಕೆಯ ಮುಖಪುಟದಲ್ಲಿ ನಾಯಕನ ಹೆಸರಿನ ಜೊತೆಗೆ ಫಾಲ್ಕನ್ ಹೆಸರೂ ಇತ್ತು.

ಸಿನಿಮಾಕ್ಕೆ ಅವನು ಬಂದದ್ದು ಎರಡನೆಯ ಭಾಗದಲ್ಲಿ. ಮೊದಲ ಚಿತ್ರ 2011ರದು. 2014ರ ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಆರಂಭವಾಗುವುದೇ ಈ ಜೊತೆಗಾರನ ಪರಿಚಯದಿಂದ. ವಾಷಿಂಗ್ಟನ್ ನಗರದಲ್ಲಿ ಬೆಳಗಿನ ಹೊತ್ತು ಇಬ್ಬರು ಓಡುತ್ತಿದ್ದಾರೆ. ನಾಯಕ ಸ್ಟೀವ್ ಮತ್ತೆ ಮತ್ತೆ ಸ್ಯಾಮ್‌ನನ್ನು ಹಿಂದೆ ಹಾಕುತ್ತಾನೆ. ಸ್ಯಾಮ್ ಸುಸ್ತಾಗಿ ಕೂರುತ್ತಾನೆ, ಇಬ್ಬರೂ ನಗುತ್ತಾ ಮಾತಿಗಿಳಿಯುತ್ತಾರೆ. ಈ ಪಾತ್ರದ ಕಟ್ಟುವಿಕೆಯನ್ನು ಓದುಗರು ಗಮನಿಸಬೇಕು. ಸ್ಯಾಮ್ ಮಾಜಿ ಸೈನಿಕ. ಯುದ್ಧದಲ್ಲಿ ಗೆಳೆಯನನ್ನು ಕಳೆದುಕೊಂಡವನು. ಯುದ್ಧದಿಂದ ಮರಳಿ ನಿದ್ದೆಗೆಟ್ಟವರಿಗೆ ಸಮಾಧಾನ ಹೇಳುವುದು ಅವನ ಉದ್ಯೋಗ. ನಾಯಕನ ಭೇಟಿಗೆ ಮೊದಲೇ ಅವನಿಗೊಂದು ಬದುಕು ಇತ್ತು, ದುಃಖವಿತ್ತು, ವಿದ್ಯೆಯಿತ್ತು. ಎಲ್ಲರೂ ಬೆನ್ನಟ್ಟಿದಾಗ ನಾಯಕನೇ ಆಶ್ರಯ ಕೇಳಿಕೊಂಡು ಸ್ಯಾಮ್‌ನ ಮನೆ ಬಾಗಿಲಿಗೆ ಬರುತ್ತಾನೆ. ಲೋಥಾರ್‌ಗೂ ಇವನಿಗೂ ಇರುವ ಅಂತರ 80 ವರ್ಷಗಳದು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2019ರ ಚಿತ್ರದಲ್ಲಿ ವೃದ್ಧನಾದ ಸ್ಟೀವ್ ತನ್ನ ಗುರಾಣಿಯನ್ನು ಸ್ಯಾಮ್ ಕೈಗೆ ಕೊಡುತ್ತಾನೆ. 2021ರ ಧಾರಾವಾಹಿಯಲ್ಲಿ ಸ್ಯಾಮ್ ಅದನ್ನು ಹಿಡಿಯಲು ಹಿಂದೇಟು ಹಾಕುತ್ತಾನೆ. ತನ್ನ ಜನಾಂಗದ ಇನ್ನೊಬ್ಬ ವೀರನನ್ನು ಸರಕಾರವೇ ಸೆರೆಯಲ್ಲಿಟ್ಟು ಚರಿತ್ರೆಯಿಂದ ಅಳಿಸಿಹಾಕಿದ್ದು ಅವನಿಗೆ ಗೊತ್ತಾಗುತ್ತದೆ. 2025ರ ಚಿತ್ರದಲ್ಲಿ ಅವನೇ ಕ್ಯಾಪ್ಟನ್ ಅಮೆರಿಕ. ಇದು ವ್ಯಾಪಾರಿ ಸಿನಿಮಾ ಎಂಬುದು ನಿಜ. ಆದರೂ ಬಗಲಿನವನು ನಡುವೆ ಬಂದು ನಿಂತದ್ದು ಸಣ್ಣ ಮಾತಲ್ಲ.

ವಿಜಾಪುರದ ಆನೆಯ ಮೇಲೆ

ಸಿನಿಮಾ ಇಂದು ಮಾಡಿದ್ದನ್ನು ನಮ್ಮ ದಖ್ಖನಿನ ಚರಿತ್ರೆ 400 ವರ್ಷಗಳ ಹಿಂದೆಯೇ ಕಂಡಿದೆ. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಒಬ್ಬ ಹುಡುಗ ಗುಲಾಮನಾಗಿ ಮಾರಾಟವಾಗಿ ಅಹಮದ್‌ನಗರಕ್ಕೆ ಬಂದನು. ಅವನನ್ನು ಕೊಂಡವನು ಅಲ್ಲಿಯ ಪೇಶ್ವೆ ಚಂಗೇಜ್ ಖಾನ್. ಆ ಹುಡುಗನೇ ಮುಂದೆ ಅದೇ ರಾಜ್ಯದ ಪೇಶ್ವೆಯಾಗಿ ಮೊಗಲ್ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಮಲಿಕ್ ಅಂಬರ್. ಅವನು 1626ರಲ್ಲಿ ತೀರಿಕೊಂಡನು. ಜಹಾಂಗೀರನಿಗೆ ಅವನನ್ನು ಸೋಲಿಸಿ ಮುಗಿಸಲು ಆಗಲಿಲ್ಲ. ಆದ್ದರಿಂದ ಅಂಬರನ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡನು!

ವಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಬಿರುದಿನ ಹಬ್ಶಿ ಮೂಲದ ಮಂತ್ರಿ ಇದ್ದನು. 1645ರ ಸುಮಾರಿನ ಒಂದು ಪ್ರಸಿದ್ಧ ಚಿತ್ರದಲ್ಲಿ ಸುಲ್ತಾನನು ಆನೆಯ ಮೇಲಿದ್ದಾನೆ, ಅದೇ ಆನೆಯ ಮೇಲೆ ಅವನ ಹಿಂದೆ ಇಖ್ಲಾಸ್ ಖಾನ್ ಕುಳಿತಿದ್ದಾನೆ. ಅವನ ಮೈಮೇಲೆ ಚಿರತೆಯ ಚರ್ಮವಿಲ್ಲ, ದರ್ಬಾರಿನ ಉಡುಪಿದೆ. ನಮ್ಮ ಮಕ್ಕಳನ್ನು ಗೋಳಗುಮ್ಮಟಕ್ಕೆ ಶಾಲಾ ಪ್ರವಾಸ ಕರೆದೊಯ್ಯುವಾಗ ಪಿಸುಮಾತಿನ ಗ್ಯಾಲರಿಯ ಜೊತೆಗೆ ಈ ಮಂತ್ರಿಯ ಹೆಸರನ್ನೂ ಹೇಳಿದರೆ ಒಳ್ಳೆಯದು.

ನಮ್ಮ ಕಾಡಿನ ಮಕ್ಕಳು

ಎಲ್ಲರಿಗೂ ಅಂಬರನ ಅದೃಷ್ಟ ಇರಲಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ಆಫ್ರಿಕಾದಿಂದ ಅನೇಕರನ್ನು ಗುಲಾಮರಾಗಿ ಅಲ್ಲಿಗೆ ತರಲಾಯಿತು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು. ಅವರ ಸಂತತಿಯೇ ಇಂದಿನ ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಅವರಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ, ಉರ್ದು ಅವರ ಮನೆಮಾತುಗಳು. ಡಮಾಮಿ ವಾದ್ಯ ಬಾರಿಸಿದರೆ ಮತಭೇದವಿಲ್ಲದೆ ಕುಣಿಯುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಅವರ ಹೆಂಗಸರು ಹೊಲಿಯುವ ಕೌದಿಗಳನ್ನು ಹೊರದೇಶಗಳಲ್ಲಿಯೂ ಪ್ರದರ್ಶಿಸಲಾಗಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ರಾಜ್ಯದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯಾದರು. 2021ರ ‘ಸಲಗ’ ಚಿತ್ರದ ಹಾಡಿನಲ್ಲಿ ಸಿದ್ದಿ ಕಲಾವಿದರ ದನಿ ನಾಡಿನ ಮೂಲೆಮೂಲೆಗೂ ತಲುಪಿತು.

ಹೀಗಿದ್ದೂ ಬಸ್ಸಿನಲ್ಲಿ ಸಿದ್ದಿ ಹುಡುಗನೊಬ್ಬ ಕುಳಿತರೆ ‘ಯಾವ ದೇಶದವನಪ್ಪಾ?’ ಎಂದು ಕೇಳುವವರಿದ್ದಾರೆ. ಅವನು ಅಚ್ಚ ಕನ್ನಡದಲ್ಲಿ ಉತ್ತರಿಸಿದರೆ ನಗುವವರೂ ಇದ್ದಾರೆ. ನಮ್ಮ ಉರ್ದು ಮನೆಗಳಲ್ಲಿಯೂ ಕಪ್ಪು ಬಣ್ಣದ ಮಗುವಿಗೆ ‘ಹಬ್ಶಿ’ ಎಂದು ಬೈಯುವುದುಂಟು. ಹಬ್ಶಿ ಎಂದರೆ ಇಥಿಯೋಪಿಯಾದವನು ಎಂದಷ್ಟೇ ಅರ್ಥ. ಅಂಬರ್ ಹಬ್ಶಿ, ಇಖ್ಲಾಸ್ ಖಾನ್ ಹಬ್ಶಿ. ಒಂದು ರಾಜ್ಯವನ್ನೇ ಉಳಿಸಿದವನ ಹೆಸರು ಬೈಗುಳವಾದದ್ದು ಹೇಗೆ? ಚರಿತ್ರೆಯನ್ನು ನಾವು ಮಕ್ಕಳಿಗೆ ಹೇಳದೆ ಹೋದದ್ದರಿಂದ.

ಓದುಗರೇ, ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವಾಗ ಒಮ್ಮೆ ಯೋಚಿಸಿ. ಸಿದ್ದಿ ಮಗುವಿಗೆ ರಾಕ್ಷಸನ ಪಾತ್ರ, ಕಾವಲುಗಾರನ ಪಾತ್ರ, ಇಲ್ಲವೇ ಭಾರ ಹೊರುವ ಆಳಿನ ಪಾತ್ರವೇ ಏಕೆ ಮೀಸಲಾಗಬೇಕು? ಆ ಮಗುವಿಗೆ ಓಟದ ಬಹುಮಾನ ಬಂದರೆ ‘ಅವರ ಮೈಕಟ್ಟೇ ಹಾಗೆ’ ಎಂದು ಸುಮ್ಮನಾಗುವ ನಾವು, ಗಣಿತದಲ್ಲಿ ಹಿಂದೆ ಬಿದ್ದರೆ ‘ಅವರ ತಲೆಯೇ ಅಷ್ಟು’ ಎನ್ನುವುದಿಲ್ಲವೇ? ಲೋಥಾರ್‌ಗೆ ಚಿರತೆ ಚರ್ಮ ಹೊದಿಸಿದವರು ಮಾಡಿದ್ದೂ ಇದನ್ನೇ.

ಆದ್ದರಿಂದ ಪಾಲಕರಲ್ಲಿ, ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಮಕ್ಕಳು ಸೂಪರ್‌ಹೀರೋ ಸಿನಿಮಾ ನೋಡುವುದನ್ನು ತಡೆಯಬೇಡಿ. ನೋಡಿ ಬಂದ ಮೇಲೆ ಅವರಿಗೆ ಎರಡು ಪ್ರಶ್ನೆ ಕೇಳಿ. ನಾಯಕನ ಪಕ್ಕದಲ್ಲಿದ್ದವನ ಹೆಸರೇನು? ನಾಯಕ ಸಿಗುವುದಕ್ಕೆ ಮೊದಲು ಅವನು ಏನು ಮಾಡುತ್ತಿದ್ದನು? ಉತ್ತರ ಹೇಳಬಲ್ಲ ಮಗು ಮರುದಿನ ತರಗತಿಯಲ್ಲಿ ತನ್ನ ಪಕ್ಕದಲ್ಲಿ ಕುಳಿತ ಗೆಳೆಯನನ್ನೂ ಅವನ ಹೆಸರು ಹಿಡಿದೇ ಕರೆಯುತ್ತದೆ.