ಕಾರಾಗೃಹವೂ ಕುಟುಂಬವೂ: ಸ್ನೇಹಲತಾ ರೆಡ್ಡಿಯವರ ಬಂಧನ ವಿಚಾರ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಅರಳಿಯನ್ನು ವಿದುರನೇ ನೆಟ್ಟನೆಂಬುದು ಐತಿಹ್ಯ. ಕುರುಸಭೆಯಲ್ಲಿ ದ್ರೌಪದಿಗೆ ಅವಮಾನವಾದಾಗ ಎದ್ದು ಆಕ್ಷೇಪಿಸಿದ ಕೆಲವರಲ್ಲಿ ಆತನೂ ಒಬ್ಬನು. ಅದೇ ಕ್ಷೇತ್ರದಲ್ಲಿ 1938ನೆಯ ಇಸವಿ ಏಪ್ರಿಲ್ 25ರಂದು, ಧ್ವಜಾರೋಹಣಕ್ಕಾಗಿ ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರೆಷ್ಟು ಮಂದಿ ಎಂಬಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ಅಂತರವುಂಟು. ಬಯಲಿನ ಮರಣದ ಲೆಕ್ಕವೇ ಹೀಗಾದರೆ, ಸೆರೆಮನೆಯ ಗೋಡೆಗಳೊಳಗಣ ಸಂಕಟದ ಲೆಕ್ಕವನ್ನಿಡುವವರಾರು? ಈ ಪ್ರಶ್ನೆಯನ್ನು ಒಂದು ನಿದರ್ಶನದಿಂದ ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪೂರ್ವಿಕರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಬಂಧನಾಗಾರದಲ್ಲಿ ಸ್ತ್ರೀಪುರುಷರಿಗೆ ಪ್ರತ್ಯೇಕ ಸ್ಥಾನಗಳಿರಬೇಕೆಂದು ಕೌಟಿಲ್ಯನು ವಿಧಿಸಿರುವನು; ಬಂಧಿತರನ್ನು ಪೀಡಿಸುವ ಅಧಿಕಾರಿಗೆ ದಂಡವನ್ನೂ ಹೇಳಿರುವನು. ಸೆರೆಯಲ್ಲಿರುವವರ ದೇಹರಕ್ಷಣೆಯು ಅರಸನ ಹೊಣೆಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಶ್ರೀಮತಿ ಸ್ನೇಹಲತಾ ರೆಡ್ಡಿಯವರು 1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದವರು; ಆ ಚಿತ್ರದ ನಿರ್ದೇಶಕರಾದ ಪಟ್ಟಾಭಿರಾಮ ರೆಡ್ಡಿಯವರು ಅವರ ಪತಿ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ನೆಯ ಇಸವಿ ಮೇ 2ರಂದು, ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಅವರು ಬಂಧಿತರಾದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದಾಗ್ಯೂ ಆಂತರಿಕ ಭದ್ರತಾ ಶಾಸನದಂತೆ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಉಬ್ಬಸದಿಂದ ಬಳಲುತ್ತಿದ್ದ ಅವರಿಗೆ ಏಕಾಂತವಾಸವೂ ಕ್ರಮವಿಲ್ಲದ ಚಿಕಿತ್ಸೆಯೂ ಒದಗಿದವು.

ಮನೆಯವರು ನ್ಯಾಯಾಲಯದ ಮೊರೆಹೊಗಬಹುದಿತ್ತಲ್ಲವೆ ಎಂದು ವಾಚಕರು ಕೇಳಬಹುದು. ಆ ಬಂಧನಕ್ಕೆ ನಾಲ್ಕು ದಿನಗಳ ಹಿಂದೆ, ಏಪ್ರಿಲ್ 28ರಂದು, ಇಂಥ ಬಂಧನವನ್ನು ಪ್ರಶ್ನಿಸುವ ಹಕ್ಕು ತುರ್ತುಪರಿಸ್ಥಿತಿಯಲ್ಲಿ ಯಾರಿಗೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತ್ತು. ನ್ಯಾಯಮೂರ್ತಿ ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ಹೀಗೆ ಒಳಗಿದ್ದವರಿಗೆ ಬಾಗಿಲು ಮುಚ್ಚಿದಂತೆಯೇ ಹೊರಗಿದ್ದ ಪತಿಗೂ ಮಕ್ಕಳಿಗೂ ಬಾಗಿಲು ಮುಚ್ಚಿತು. ಅಪರಾಧದ ಆರೋಪವಿಲ್ಲದವರ ಮೇಲೆಯೂ ದಂಡವು ಬೀಳುವ ಬಗೆ ಇದು.

1977ನೆಯ ಇಸವಿ ಜನವರಿ 15ರಂದು ಅವರು ಪೆರೋಲಿನ ಮೇಲೆ ಬಿಡುಗಡೆ ಹೊಂದಿದರು, 20ರಂದು ಗತಿಸಿದರು. ಇಲ್ಲೊಂದು ಸೂಕ್ಷ್ಮವುಂಟು. ಎಂಟು ತಿಂಗಳು ರೋಗವನ್ನು ಬೆಳೆಯಗೊಟ್ಟುದು ಕಾರಾಗೃಹ. ಮರಣವನ್ನು ಹೊತ್ತುದು ಮನೆ. ಐದು ದಿನಗಳ ಅಂತರದಿಂದ ಅದು ಸೆರೆಮನೆಯ ಮರಣವೆನಿಸಿಕೊಳ್ಳಲಿಲ್ಲ. ಅವರ ಸೆರೆಮನೆಯ ದಿನಚರಿಯು ಅದೇ ವರ್ಷ ಪ್ರಕಟವಾಗದಿದ್ದರೆ ನಮಗೆ ತಿಳಿಯುತ್ತಿದ್ದುದು ಅತ್ಯಲ್ಪ.

ಆ ಶಾಸನವು 1978ರಲ್ಲಿ ರದ್ದಾಯಿತು. ಜೀವಿಸುವ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಕೂಡದೆಂದು ಸಂವಿಧಾನದ 44ನೆಯ ತಿದ್ದುಪಡಿಯು ವಿಧಿಸಿತು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರಲ್ಲಿ, ಆ ಹಳೆಯ ತೀರ್ಪೂ ತಿರಸ್ಕೃತವಾಯಿತು. ಹಳೆಯ ಸೆರೆಮನೆಯ ಸ್ಥಳವು ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ. ಆದರೆ ಬಂಧನದ ಇತಿಹಾಸವನ್ನು ಬರೆಯುವವರು ಕೈದಿಯ ಹೆಸರಿನೊಡನೆ ಆಕೆಯ ಮನೆಯವರ ನಷ್ಟವನ್ನೂ ದಾಖಲಿಸುವವರೆಗೆ ಲೆಕ್ಕವು ಪೂರ್ಣವಾಗದು.