ಪೂರ್ವಪಕ್ಷವೂ ಪಾಠಕ್ರಮವೂ

ದರ್ಶನವೊಂದು ಯಾವುದನ್ನು ಪ್ರಮಾಣವೆಂದು ಅಂಗೀಕರಿಸುವುದೋ ಅದನ್ನನುಸರಿಸಿಯೇ ಅದರ ಪಾಠಕ್ರಮವೂ ರೂಪುಗೊಳ್ಳುವುದು. ಶಬ್ದಕ್ಕೆ ಪ್ರಾಧಾನ್ಯವಿರುವಲ್ಲಿ ವ್ಯಾಕರಣ ಮೀಮಾಂಸೆಗಳಿಗೂ, ಅನುಮಾನಕ್ಕೆ ಪ್ರಾಧಾನ್ಯವಿರುವಲ್ಲಿ ತರ್ಕಕ್ಕೂ, ಸ್ವಾನುಭವಕ್ಕೆ ಪ್ರಾಧಾನ್ಯವಿರುವಲ್ಲಿ ಗುರುಸಾನ್ನಿಧ್ಯಕ್ಕೂ ಅಗ್ರಸ್ಥಾನವು ದೊರೆಯುವುದು. ಇದಕ್ಕೆ ಕನ್ನಡನಾಡಿನ ಚರಿತ್ರೆಯಿಂದ ಕೆಲವು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಬಳ್ಳಿಗಾವೆಯ ಕೋಡಿಯಮಠ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಮಠವು ಕಾಳಾಮುಖ ಶೈವರದು. ಬಿಜ್ಜಳನ ಕಾಲದ, ಕ್ರಿ. ಶ. 1162ರ ಶಾಸನವು ಅಲ್ಲಿ ವ್ಯಾಖ್ಯಾನಿಸಲ್ಪಡುತ್ತಿದ್ದ ವಿದ್ಯೆಗಳನ್ನು ಎಣಿಸುತ್ತದೆ. ವೇದಗಳು, ಲಾಕುಲಸಿದ್ಧಾಂತ, ಪಾತಂಜಲಯೋಗ ಇವು ಶೈವಮಠದಲ್ಲಿರುವುದು ಸಹಜವೇ ಸರಿ. ಆದರೆ ಪಾಣಿನೀಯದೊಡನೆ ಜೈನನಾದ ಶಾಕಟಾಯನನ ವ್ಯಾಕರಣವೂ, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯಗಳೊಡನೆ ಬೌದ್ಧದರ್ಶನವೂ ಅಲ್ಲಿ ಪಠಿತವಾಗುತ್ತಿದ್ದುವೆಂಬುದು ಗಮನಾರ್ಹ. ವಾದದಲ್ಲಿ ನಿಲ್ಲಬೇಕಾದವನು ಪ್ರತಿವಾದಿಯ ಶಾಸ್ತ್ರವನ್ನೂ ಬಲ್ಲವನಾಗಿರಬೇಕಷ್ಟೆ.

ಅದೇ ಬಿಜ್ಜಳನ ಆಳಿಕೆಯಲ್ಲಿಯೇ ಕಲ್ಯಾಣದ ಶರಣರು ಬೇರೊಂದು ಮಾರ್ಗವನ್ನು ಹಿಡಿದರು. ಅನುಭಾವಕ್ಕೆ ಅವರು ಪರಮಪ್ರಾಮಾಣ್ಯವನ್ನು ಕೊಟ್ಟುದರಿಂದ ಬೋಧನೆಯ ಭಾಷೆ ಕನ್ನಡವಾಯಿತು. ಕಾಯಕದ ಮಂದಿಯೂ ಸ್ತ್ರೀಯರೂ ಬೋಧ್ಯರು ಮಾತ್ರವಲ್ಲದೆ ಬೋಧಕರೂ ಆದರು. ಪ್ರಮಾಣವು ಬದಲಾದೊಡನೆ ಅಧಿಕಾರಿಯೂ ಬದಲಾದನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ, ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಅದ್ವೈತವನ್ನೂ ತರ್ಕತಾಂಡವದಲ್ಲಿ ನೈಯಾಯಿಕರ ಮತವನ್ನೂ ಪರೀಕ್ಷಿಸಿದರು. ನ್ಯಾಯಾಮೃತಕ್ಕೆ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಿಂದ ಉತ್ತರವಿತ್ತರು. ಅಂದಿನಿಂದ ಎರಡು ಮತಗಳ ಪ್ರೌಢವಿದ್ಯಾರ್ಥಿಗಳಿಗೂ ಪರಸ್ಪರರ ಗ್ರಂಥವು ಅನಿವಾರ್ಯವಾಯಿತು.

ಈ ಪರಂಪರೆಯು ನಿಂತುಹೋಗಿಲ್ಲ. ಬೆಂಗಳೂರಿನ ಗಿರಿನಗರದ ನೆರೆಯ ಕತ್ತರಿಗುಪ್ಪೆಯಲ್ಲಿ, ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಅಲ್ಲಿಯ ದೀರ್ಘ ಅಧ್ಯಯನವು ಜಯತೀರ್ಥರ ನ್ಯಾಯಸುಧೆಯಲ್ಲಿ ಪರ್ಯವಸಾನವಾಗುತ್ತದೆ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನೊಪ್ಪುವ ಮತದಲ್ಲಿ ವ್ಯಾಕರಣ ತರ್ಕಗಳು ವೇದಾಂತಕ್ಕೆ ಮೆಟ್ಟಿಲಾಗಿರುವುದು ಯುಕ್ತವೇ. ಸುಧೆಯಾದರೋ ನೈಯಾಯಿಕ, ಭಾಟ್ಟ, ಪ್ರಾಭಾಕರಾದಿಗಳ ಪಕ್ಷಗಳನ್ನು ಅನುವದಿಸಿಯೇ ಮುಂದುವರಿಯುವ ಗ್ರಂಥ.

ಇಲ್ಲಿ ವಿಚಾರಣೀಯವಾದ ಸಂಗತಿಯೊಂದುಂಟು. ಖಂಡನಗ್ರಂಥದಲ್ಲಿ ಅನುವದಿತವಾದ ಪೂರ್ವಪಕ್ಷವು ಖಂಡಕನ ಪ್ರಯೋಜನಕ್ಕೆ ತಕ್ಕಷ್ಟೇ ಇರುವುದು. ಅದನ್ನಷ್ಟೇ ಓದಿ ಪರೀಕ್ಷೆಯಲ್ಲಿ ತೇರ್ಗಡೆಯಾದವನು ಪರಮತವನ್ನು ಬಲ್ಲೆನೆಂದು ತಿಳಿದರೆ ಅದು ಭ್ರಮೆಯೇ. ಕೋಡಿಯಮಠದ ಶಾಸನವು ನಮಗೆ ಕಲಿಸುವುದು ಇದನ್ನೇ: ಪ್ರತಿವಾದಿಯನ್ನು ಅವನ ಮಾತಿನಲ್ಲಿಯೇ ಕೇಳಬೇಕು. ನ್ಯಾಯಾಮೃತದ ಪಾಠವಾಗುವಲ್ಲಿ ಅದ್ವೈತಸಿದ್ಧಿಯೂ ಪ್ರಕರಣಶಃ ಜೊತೆಗಿರಲಿ. ವಚನಗಳ ಪಾಠವಾಗುವಲ್ಲಿ ಅವುಗಳ ಸಮಕಾಲೀನವಾದ ಈ ಶಾಸನವೂ ಇರಲಿ. ಪೂರ್ವಪಕ್ಷಕ್ಕೆ ನ್ಯಾಯ ದೊರೆತಲ್ಲಿ ಮಾತ್ರವೇ ಸಿದ್ಧಾಂತಕ್ಕೆ ಆ ಹೆಸರು ಸಲ್ಲುವುದು.