ಹಿಂದೂ ಮಹಾಸಾಗರದ ಭಾರತ–ಚೀನಾ ನೌಕಾ ಪೈಪೋಟಿಯಲ್ಲಿ ಉತ್ತರ ಬೆಂಗಳೂರು

ಹಿಂದೂ ಮಹಾಸಾಗರದಲ್ಲಿ ಮೇಲುಗೈ ಸಾಧಿಸಲು ಭಾರತ ಮತ್ತು ಚೀನಾ ಸುಮಾರು ಎರಡು ದಶಕಗಳಿಂದ ಪೈಪೋಟಿ ನಡೆಸಿವೆ. ಎರಡೂ ನೌಕಾಪಡೆಗಳು ಈ ಕಡಲಲ್ಲಿ ಪರಸ್ಪರ ಗುಂಡು ಹಾರಿಸಿಲ್ಲ. ಯಾರು ಯಾರನ್ನು ಮೊದಲು ಪತ್ತೆ ಹಚ್ಚುತ್ತಾರೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆದ್ದರಿಂದಲೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಉತ್ತರ ಬೆಂಗಳೂರಿಗೂ ಇದರಲ್ಲಿ ಪಾತ್ರವಿದೆ.

ಚೀನಾ ಆಮದು ಮಾಡಿಕೊಳ್ಳುವ ತೈಲದ ಬಹುಪಾಲು ಈ ಸಾಗರ ದಾಟಿ ಇಕ್ಕಟ್ಟಾದ ಮಲಕ್ಕಾ ಜಲಸಂಧಿಯ ಮೂಲಕ ಸಾಗುತ್ತದೆ. ಆ ದಾರಿ ಮುಚ್ಚೀತೆಂಬ ಭಯ ಬೀಜಿಂಗ್‌ಗೆ ಹಳೆಯದು. 2008ರ ಡಿಸೆಂಬರ್‌ನಲ್ಲಿ ಸೊಮಾಲಿಯಾದ ಕಡಲ್ಗಳ್ಳರನ್ನು ತಡೆಯಲೆಂದು ಬಂದ ಚೀನೀ ಯುದ್ಧನೌಕೆಗಳು ಆಮೇಲೆ ಇಲ್ಲೇ ಬೇರೂರಿದವು. 2014ರಲ್ಲಿ ಚೀನೀ ಜಲಾಂತರ್ಗಾಮಿ ಕೊಲಂಬೊದಲ್ಲಿ ಲಂಗರು ಹಾಕಿತು. ಕಳ್ಳರ ದೋಣಿ ಹಿಡಿಯಲು ಜಲಾಂತರ್ಗಾಮಿ ಏಕೆ ಎಂದು ದೆಹಲಿ ಕೇಳಿದ್ದು ಸಹಜವೇ. 2017ರಲ್ಲಿ ಜಿಬೂಟಿಯಲ್ಲಿ ಚೀನಾದ ನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನೀ ಕಂಪನಿಯ ಕೈಸೇರಿತು. 2022ರ ಆಗಸ್ಟ್‌ನಲ್ಲಿ ಭಾರತದ ಆಕ್ಷೇಪದ ನಡುವೆಯೂ ಚೀನಾದ ‘ಯುವಾನ್ ವಾಂಗ್ 5’ ಹಡಗು ಅಲ್ಲಿಗೆ ಬಂತು. 2024ರ ಫೆಬ್ರುವರಿಯಲ್ಲಿ ಮತ್ತೊಂದು ಚೀನೀ ಹಡಗು ‘ಶಿಯಾಂಗ್ ಯಾಂಗ್ ಹಾಂಗ್ 03’ ಮಾಲ್ಡೀವ್ಸ್‌ನ ಮಾಲೆ ತಲುಪಿತು.

ಎರಡನೆಯದು ಸಾಗರ ಸಂಶೋಧನೆಯ ಹಡಗು. ಇಂಥ ಹಡಗುಗಳು ನೀರಿನ ಉಷ್ಣತೆ, ಲವಣಾಂಶ, ಆಳಗಳನ್ನು ಅಳೆಯುತ್ತವೆ. ಜಲಾಂತರ್ಗಾಮಿಯನ್ನು ಬಚ್ಚಿಡಲೂ ಹುಡುಕಲೂ ಬೇಕಾಗುವುದು ಇದೇ ಮಾಹಿತಿ. ಉಪ್ಪುನೀರಿನೊಳಗೆ ರೇಡಿಯೊ ಅಲೆ ಹೆಚ್ಚು ದೂರ ಸಾಗದು. ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವ ಶಬ್ದವನ್ನೇ ನೆಚ್ಚಿಕೊಳ್ಳಬೇಕು. ಬಿಸಿಲಿಗೆ ಮೇಲ್ಪದರ ಕಾದರೆ ಆ ಶಬ್ದ ಕೆಳಕ್ಕೆ ಬಾಗುತ್ತದೆ. ಶಬ್ದದಿಂದಲೇ ಜಲಾಂತರ್ಗಾಮಿಯನ್ನು ಹುಡುಕುವ ಸೋನಾರ್ ಉಪಕರಣ ಬೆಳಗ್ಗೆ ಚೆನ್ನಾಗಿ ಕೇಳಿಸಿಕೊಂಡರೂ ಮಧ್ಯಾಹ್ನ ಅರೆಕಿವುಡಾಗುವುದುಂಟು.

ಹೆಬ್ಬಾಳದಿಂದ ಗೊರಗುಂಟೆಪಾಳ್ಯದತ್ತ ಹೋಗುವ ಹೊರ ವರ್ತುಲ ರಸ್ತೆಯಲ್ಲಿ ಸಿಗುವ ಬಿಇಎಲ್ ಸರ್ಕಲ್‌ಗೆ ಹೆಸರು ಕೊಟ್ಟ ಕಾರ್ಖಾನೆಗೂ ಈ ಪೈಪೋಟಿಗೂ ಇರುವ ನಂಟು ಈ ಸೋನಾರ್‌ನಿಂದಲೇ. 1954ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್, ಕೊಚ್ಚಿಯ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ ‘ಹಮ್ಸಾ’ ಸೋನಾರ್‌ಗಳನ್ನು ಭಾರತದ ಯುದ್ಧನೌಕೆಗಳಿಗೆ ತಯಾರಿಸಿಕೊಟ್ಟಿದೆ. ಹಡಗಿನ ತಳಕ್ಕೆ ಜೋಡಿಸುವ ಈ ಉಪಕರಣ ನೀರಿಗೆ ಶಬ್ದ ಹೊಮ್ಮಿಸಿ, ಮರಳಿ ಬರುವ ಪ್ರತಿಧ್ವನಿಯನ್ನು ಆಲಿಸುತ್ತದೆ. ನೌಕಾ ರಾಡಾರ್, ಫಿರಂಗಿಗಳ ಗುರಿ ನಿಯಂತ್ರಣ ವ್ಯವಸ್ಥೆಗಳೂ ಇದೇ ಸಂಸ್ಥೆಯವು. ಮುಂಬೈ ದಾಳಿಯ ನಂತರ ಭಾರತದ ಕರಾವಳಿಯುದ್ದಕ್ಕೂ ಕಾವಲು ರಾಡಾರ್‌ಗಳ ಸರಣಿ ನಿಲ್ಲಿಸಿದ ಅನುಭವವನ್ನು ನೆರೆಯ ದ್ವೀಪದೇಶಗಳಿಗೂ ಒಯ್ಯಲಾಯಿತು: 2015ರಲ್ಲಿ ಸೇಷೆಲ್ಸ್, 2019ರಲ್ಲಿ ಮಾಲ್ಡೀವ್ಸ್. ಚೀನಾ ಬಂದರು ಕಟ್ಟಿಕೊಟ್ಟು ನೆರೆಯವರನ್ನು ಒಲಿಸಿಕೊಳ್ಳಲು ನೋಡಿದರೆ ಭಾರತ ರಾಡಾರ್ ಕೊಟ್ಟು ನೋಡುತ್ತಿದೆ. ಯಾರ ಕೈ ಮೇಲಾಗುತ್ತದೆಂಬುದು ಆಯಾ ದೇಶದ ಚುನಾವಣೆಯ ಫಲಿತಾಂಶವನ್ನೂ ಅವಲಂಬಿಸಿದೆ.

ಯಲಹಂಕದ ಪಾತ್ರ ಹೆಚ್ಚಾಗಿ ಪ್ರದರ್ಶನದ್ದು. ಅಲ್ಲಿನ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ ನೌಕಾಪಡೆಯ ವಿಮಾನಗಳನ್ನೂ ತೋರಿಸುತ್ತಾರೆ. ಬೆಂಗಳೂರಿನಲ್ಲೇ ರೂಪುಗೊಂಡ ನೌಕಾ ತೇಜಸ್ ಯುದ್ಧವಿಮಾನ 2020ರ ಜನವರಿ 11ರಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮೇಲೆ ಇಳಿದು ಸೈ ಎನಿಸಿಕೊಂಡಿತು. ಆದರೂ ನೌಕಾಪಡೆ ಅದನ್ನು ಯುದ್ಧಕ್ಕೆ ಆರಿಸಿಕೊಳ್ಳಲಿಲ್ಲ. ಒಂದೇ ಎಂಜಿನ್ ಸಾಲದೆಂಬುದು ಅದರ ನಿಲುವು.

ವಿಕ್ರಮಾದಿತ್ಯದ ನೆಲೆ ಕಾರವಾರದ ಐಎನ್‌ಎಸ್ ಕದಂಬ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಯಡಿ ಕಟ್ಟಿದ ಈ ನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಬಿಣಗಾ, ಅರ್ಗಾ ಆಸುಪಾಸಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ದಡಗಳನ್ನು ಬಿಟ್ಟುಕೊಟ್ಟವು. ಸೀಬರ್ಡ್ ನಿರಾಶ್ರಿತರ ಪರಿಹಾರದ ಹೋರಾಟ ದಶಕಗಳ ಕಾಲ ಎಳೆಯಿತು. ಪೈಪೋಟಿಯ ಬೆಲೆಯನ್ನು ಕರ್ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ತೆತ್ತವರು ಇವರೇ.

ಹಡಗುಗಳ ಸಂಖ್ಯೆಯಲ್ಲಿ ಚೀನಾ ಬಹಳ ಮುಂದಿದೆ. ಅಮೆರಿಕದ ರಕ್ಷಣಾ ಇಲಾಖೆಯ ಲೆಕ್ಕದಲ್ಲಿ ಅದರ ಬಳಿ 370ಕ್ಕೂ ಹೆಚ್ಚು ಹಡಗುಗಳಿವೆ. ಭಾರತದ ಬಲ ಭೂಗೋಳದಲ್ಲಿದೆ: ಮಲಕ್ಕಾದ ಪಶ್ಚಿಮದ ಬಾಯಿಗೆ ಎದುರಾಗಿ ನಿಕೋಬಾರ್, ಪಶ್ಚಿಮದಲ್ಲಿ ಕಾರವಾರ. ನಡುವಿನ ನೌಕೆಗಳ ಸಂಪರ್ಕ ಬೆಸೆಯಲು 2013ರ ಆಗಸ್ಟ್ 30ರಂದು ಇಸ್ರೊದ ಜಿಸ್ಯಾಟ್–7 ಉಪಗ್ರಹವನ್ನು ಫ್ರೆಂಚ್ ಗಯಾನಾದಿಂದ ಹಾರಿಸಲಾಯಿತು. ಹಾಸನದ ಕೇಂದ್ರ ಅದನ್ನು ಕಕ್ಷೆಗೆ ಕೂರಿಸಿತು. ಅದರ ಜಾಗ ತುಂಬಲು ಸುಮಾರು 4,400 ಕಿಲೊ ತೂಕದ ಸಿಎಂಎಸ್–03 ಉಪಗ್ರಹ 2025ರ ನವೆಂಬರ್ 2ರಂದು ಶ್ರೀಹರಿಕೋಟಾದಿಂದಲೇ ಮೇಲೇರಿತು.